ತಾರೀಖು ಗೊತ್ತಿರುವ ದುಡ್ಡು

(ಹಾಸನದಲ್ಲಿ ಸಮಾಜಶಾಸ್ತ್ರ ಮತ್ತು ಸಮಾಜಕಾರ್ಯ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ, ಮನೆಗೆ ತಿಂಗಳು ತಿಂಗಳು ಖಾತ್ರಿಯಾಗಿ ಬರುವ ದುಡ್ಡಿನ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಯಾರ ಮನೆ, ಯಾವ ಊರು ಅನ್ನೋದು ಗೊತ್ತಾಗದ ಹಾಗೆ ಕೆಲವು ವಿವರ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಸಾಲದ ಪುಸ್ತಕದ ಪುಟದಿಂದ ಶುರು ಮಾಡುತ್ತೇನೆ.

ಸಕಲೇಶಪುರದ ಕಡೆ ಒಂದು ಸಣ್ಣ ಊರು. ಬಸ್ಸು ನಿಲ್ಲುವ ಜಾಗದಲ್ಲಿ ಒಂದೇ ಒಂದು ದಿನಸಿ ಅಂಗಡಿ. ಸುತ್ತಲಿನ ಕಾಫಿ ತೋಟಗಳ ಲೈನ್ ಮನೆಯವರೆಲ್ಲ, ಅಂದರೆ ಕೂಲಿಯವರಿಗೆ ಅಂತ ಸಾಲಾಗಿ ಕಟ್ಟಿದ ಮನೆಗಳಲ್ಲಿ ಇರುವವರೆಲ್ಲ, ಅಲ್ಲೇ ಸಾಮಾನು ತರುತ್ತಾರೆ. ಅಂಗಡಿಯವರ ಹತ್ತಿರ ಉದ್ದನೆಯ, ಕೆಂಪು ರಟ್ಟಿನ ಪುಸ್ತಕ ಇದೆ. ಮನೆಗೊಂದು ಪುಟ. ನಾನು ಆ ಕಡೆ ಓಡಾಡಲು ಶುರು ಮಾಡಿ ಐದಾರು ತಿಂಗಳಾದ ಮೇಲೆ ಒಬ್ಬ ಅಕ್ಕ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿ ತಮ್ಮ ಪುಟ ತೆಗೆಸಿದರು. ಮೇಲೆ ಗಂಡನ ಹೆಸರು ಬರೆದಿತ್ತು. ಅದರ ಮೇಲೊಂದು ಗೀಟು. ಪಕ್ಕದಲ್ಲಿ ಬೇರೆ ಇಂಕಿನಲ್ಲಿ ಅಕ್ಕನ ಹೆಸರು.

"ಈಗ ನನ್ನ ಮುಖ ನೋಡಿ ಕೊಡ್ತಾರೆ" ಅಂದರು.

ಅವರಿಗೆ ಗೃಹಲಕ್ಷ್ಮಿ ದುಡ್ಡು ಬರೋಕೆ ಶುರುವಾಗಿ ಆಗ ಒಂದು ವರ್ಷ ದಾಟಿತ್ತು. ನಾನು ಹೋಗುವ ಮೊದಲು ಯಾರೋ ಬಂದು ಒಂದು ಫಾರಂ ಹಿಡಿದು ಪ್ರಶ್ನೆ ಕೇಳಿದ್ದರಂತೆ. ದುಡ್ಡು ಯಾವುದಕ್ಕೆ ಖರ್ಚಾಯಿತು? ಇವರು "ದಿನಸಿಗೆ" ಅಂದಿದ್ದರು. ಆ ಉತ್ತರ ಸುಳ್ಳಲ್ಲ. ಆದರೆ ಆ ಪುಟದ ಮೇಲೆ ಹೆಸರು ಬದಲಾಗಿದ್ದು ಆ ಫಾರಂನ ಯಾವ ಚೌಕದಲ್ಲಿ ಬರೆಯಬೇಕಿತ್ತು? ನನ್ನ ಕೆಲಸ ಇರೋದು ಆ ಚೌಕ ಇಲ್ಲದ ಜಾಗದಲ್ಲಿ.

ನಿಮ್ಮ ಮೇಷ್ಟ್ರು ನನ್ನನ್ನು ಕರೆದಿದ್ದು ಈ ಕೆಲಸದ ಬಗ್ಗೆ ಹೇಳಲಿ ಅಂತ. ಓದು ಮುಗಿದ ಮೇಲೆ ನಿಮ್ಮಲ್ಲಿ ಕೆಲವರಾದರೂ ಇಂಥ ಹುದ್ದೆಗೆ ಅರ್ಜಿ ಹಾಕಬಹುದು. ಜಾಹೀರಾತಿನಲ್ಲಿ ಇದನ್ನು ಗುಣಾತ್ಮಕ ಸಂಶೋಧಕ, ಕ್ಷೇತ್ರ ಸಂಶೋಧಕಿ ಅಂತೆಲ್ಲ ಬರೆದಿರುತ್ತಾರೆ. ಬಿಡಿಸಿ ಹೇಳಿದರೆ ಇಷ್ಟೇ. ಒಂದು ಮನೆಗೆ ಪ್ರತಿ ತಿಂಗಳು ಖಾತ್ರಿಯಾಗಿ ಒಂದಿಷ್ಟು ದುಡ್ಡು ಬರುತ್ತಿದ್ದರೆ ಆ ಮನೆಯೊಳಗೆ ಏನೇನಾಗುತ್ತೆ ಅಂತ ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗಿ, ಕೂತು, ಕೇಳಿ, ಬರೆದುಕೊಳ್ಳೋದು. ಸಾವಿರ ಮನೆಗೆ ಒಂದೊಂದು ಸಲ ಹೋಗುವ ಕೆಲಸ ಬೇರೆಯವರದು. ನಮ್ಮದು ಕೆಲವೇ ಮನೆ, ಹತ್ತಾರು ಸಲ.

ಯಾವ ದುಡ್ಡಿನ ಬಗ್ಗೆ ಮಾತಾಡ್ತಿದೀವಿ ಅಂತ ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಎಲ್ಲರಿಗೂ, ತಲೆಗಿಷ್ಟು ಅಂತ, ಯಾವ ಷರತ್ತೂ ಇಲ್ಲದೆ ಕೊಡುವುದಕ್ಕೆ ಮೂಲ ಆದಾಯ ಅಂತಾರೆ. ನಮ್ಮ ಕೇಂದ್ರ ಸರ್ಕಾರದ 2016-17ರ ಆರ್ಥಿಕ ಸಮೀಕ್ಷೆಯಲ್ಲಿ ಇದರ ಬಗ್ಗೆ ಒಂದು ಇಡೀ ಅಧ್ಯಾಯವೇ ಇತ್ತು. ಎಲ್ಲರಿಗೂ ಅಲ್ಲದೆ ಒಂದು ಗುಂಪಿನವರಿಗೆ, ಹೀಗೇ ಖರ್ಚು ಮಾಡಿ ಅನ್ನುವ ಕಟ್ಟುಪಾಡಿಲ್ಲದೆ, ತಿಂಗಳು ತಿಂಗಳು ಕೊಡುವುದು ಖಾತ್ರಿ ಆದಾಯ. ಗೃಹಲಕ್ಷ್ಮಿ ಈ ಎರಡನೆಯದಕ್ಕೆ ಹತ್ತಿರ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕಿತು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಅಂತ ಯಾರ ಹೆಸರಿದೆಯೋ ಅವರ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಆಕೆ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿರಬಾರದು. ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಹೆಂಗಸರಿಗೆ ಇದು ಹೋಗುತ್ತೆ. ನಿಮಗೆ ಹತ್ತಿರದ್ದು ಯುವನಿಧಿ. ಕೆಲಸ ಸಿಗದ ಪದವೀಧರರಿಗೆ 3,000, ಡಿಪ್ಲೊಮಾ ಆದವರಿಗೆ 1,500, ಅದೂ ಹೆಚ್ಚೆಂದರೆ ಎರಡು ವರ್ಷ. ಹಾಗಾಗಿ ಅದರ ಮಾತು ಬೇರೆ.

ಈಗ ಕುಟುಂಬದ ಯೋಗಕ್ಷೇಮ ಅನ್ನೋ ಮಾತಿಗೆ ಬರೋಣ. ನನಗೆ ಮೊದಲ ತಿಂಗಳೇ ಕಾಲಿಗೆ ತೊಡರಿದ್ದು ಈ ಮಾತು. ಪ್ರಶ್ನೆಪಟ್ಟಿಯಲ್ಲಿ "ನಿಮ್ಮ ಕುಟುಂಬದ ಯೋಗಕ್ಷೇಮ ಹೇಗಿದೆ?" ಅಂತ ಇತ್ತು. ಕೇಳಿದೆ. "ಚೆನ್ನಾಗಿದೀವಿ, ನೀವು ಚೆನ್ನಾಗಿದೀರಾ?" ಅಂದರು. ಅದು ಕುಶಲ ವಿಚಾರಿಸುವ ಮಾತು, ಅಲ್ವಾ? ಅದಕ್ಕೆ ಬರಬೇಕಾದ ಉತ್ತರವೇ ಬಂತು. ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ ನಿಮ್ಮ ಬದುಕಿಗೆ ಅಂತ ಕೇಳಿದೆ. ಬೇಲೂರು ಕಡೆಯ ಒಬ್ಬ ಅಜ್ಜಿ ತುಂಬಾ ಹೊತ್ತು ಯೋಚನೆ ಮಾಡಿ, "ಅಂಕ ಕೊಡೋರು ಮೇಷ್ಟ್ರಲ್ವೇನವ್ವ?" ಅಂದರು.

ಆಮೇಲೆ ನಾನು ಆ ಪದವನ್ನೇ ಕೈಬಿಟ್ಟೆ. ಅವರು ಯಾವ ಪದ ಬಳಸುತ್ತಾರೆ ಅಂತ ಕಿವಿಗೊಟ್ಟೆ. ನೆಮ್ಮದಿ ಅನ್ನುವುದು ಬರುತ್ತಿತ್ತು. ಕೈಕಾಸು ಬರುತ್ತಿತ್ತು. "ಉಸಿರು ಬಿಡೋ ಹಂಗಾಯ್ತು" ಅಂತ ತುಂಬಾ ಜನ ಹೇಳಿದರು. ಆದರೆ ಎಲ್ಲಕ್ಕಿಂತ ಜಾಸ್ತಿ ಬಂದ ಪದ ಮರ್ಜಿ. "ಅವರ ಮರ್ಜಿ ಕಾಯಬೇಕಿತ್ತು." "ಇವಾಗ ಯಾರ ಮರ್ಜಿನೂ ಕಾಯಂಗಿಲ್ಲ." ಗಂಡನ ಮರ್ಜಿ, ತೋಟದಲ್ಲಿ ಕೂಲಿ ಲೆಕ್ಕ ಬರೆಯುವ ರೈಟರ್ ಮರ್ಜಿ, ಅಂಗಡಿಯವರ ಮರ್ಜಿ, ಮಗನ ಮರ್ಜಿ. ಈ ಪದ ಎಲ್ಲೆಲ್ಲಿ ಬರುತ್ತೆ ಅಂತ ಗುರುತು ಹಾಕುತ್ತಾ ಹೋದರೆ ಒಂದು ಮನೆಯಲ್ಲಿ ದುಡ್ಡು ಏನು ಮಾಡಿದೆ ಅನ್ನೋದರ ನಕ್ಷೆಯೇ ಸಿಗುತ್ತೆ. ಯಾವ ಇಂಗ್ಲಿಷ್ ಪ್ರಶ್ನೆಪಟ್ಟಿಯ ಅನುವಾದದಿಂದಲೂ ಈ ಪದ ನನಗೆ ಸಿಗುತ್ತಿರಲಿಲ್ಲ. ಭಾಷೆ ಬಲ್ಲ ನಮ್ಮ ಕಡೆಯ ಹುಡುಗ ಹುಡುಗಿಯರೇ ಈ ಕೆಲಸಕ್ಕೆ ಬರಬೇಕು ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ಪ್ರಶ್ನೆ ಹೇಗೆ ಕೇಳಬೇಕು ಅನ್ನೋದು ದೊಡ್ಡ ವಿಷಯ. "ದುಡ್ಡನ್ನ ಏನು ಮಾಡಿದ್ರಿ?" ಅಂತ ಕೇಳಿದರೆ ಕೇಳುವವರು ಲೆಕ್ಕ ಕೇಳ್ತಿದಾರೆ ಅಂತ ಅನ್ನಿಸುತ್ತೆ. ಮಕ್ಕಳ ಓದಿಗೆ, ಔಷಧಿಗೆ, ಮನೆ ಖರ್ಚಿಗೆ ಅಂತ ಒಳ್ಳೆಯ ಉತ್ತರ ಬರುತ್ತೆ. ಅದೇ, "ಕಳೆದ ಸಲ ದುಡ್ಡು ಬಂತಲ್ಲ, ಆ ದಿನ ಬೆಳಗ್ಗೆಯಿಂದ ಏನಾಯ್ತು ಹೇಳಿ" ಅಂತ ಕೇಳಿ. ಆಗ ಕಥೆ ಬಿಚ್ಚಿಕೊಳ್ಳುತ್ತೆ.

ಒಬ್ಬ ಅಕ್ಕ ಹೇಳಿದ್ದು ಹೀಗೆ. ಮೆಸೇಜು ಮಗನ ಫೋನಿಗೆ ಬರುತ್ತೆ. ಮಗ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಪಕ್ಕದ ಮನೆಯಾಕೆಗೆ ಬಂತು ಅಂತ ಕೇಳಿದ ಕೂಡಲೇ ಇವರು ಹೊರಡುತ್ತಾರೆ. ಊರಲ್ಲಿ ಬೆರಳೊತ್ತಿ ದುಡ್ಡು ಕೊಡುವ ಬ್ಯಾಂಕಿನ ಪ್ರತಿನಿಧಿ ಇದ್ದಾರೆ. ಅದು ಕಾಫಿ ಕೊಯ್ಲಿನ ಸಮಯ. ಹಣ್ಣು ಕಿತ್ತೂ ಕಿತ್ತೂ ಬೆರಳ ತುದಿ ಕಪ್ಪಾಗಿ, ಗೆರೆ ಸವೆದು ಹೋಗಿದೆ. ಮಿಷನ್ನು ಬೆರಳನ್ನು ಒಪ್ಪುತ್ತಿಲ್ಲ. ಹೆಬ್ಬೆರಳು, ತೋರುಬೆರಳು, ಆಮೇಲೆ ಎಡಗೈ. ಸೀರೆ ಸೆರಗಿಗೆ ಉಜ್ಜಿ ಮತ್ತೆ ಒತ್ತಿದ್ದಾರೆ. ಕೊನೆಗೆ ಯಾರೋ ಹೇಳಿದರಂತೆ, ಮೂರು ದಿನ ಎಣ್ಣೆ ಹಚ್ಚಿ ಬನ್ನಿ ಅಂತ. ಮೂರು ದಿನ ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗಿದ್ದಾರೆ. ಇದನ್ನು ಹೇಳುವಾಗ ಅವರು ಎರಡೂ ಕೈ ಚಾಚಿ ನನಗೆ ಬೆರಳು ತೋರಿಸಿದರು. ಜಮಾ ಆದ ದಿನಕ್ಕೂ ದುಡ್ಡು ಕೈಗೆ ಬಂದ ದಿನಕ್ಕೂ ನಡುವೆ ಆ ಮೂರು ರಾತ್ರಿ ಇದೆ. ಬ್ಯಾಂಕಿನ ಲೆಕ್ಕದಲ್ಲಿ ಜಮಾ ಆದ ದಿನ ಮಾತ್ರ ಇರುತ್ತೆ.

ನಾನು ಇಷ್ಟು ದಿನ ಓಡಾಡಿ ಕಲಿತ ಒಂದೇ ಒಂದು ವಿಷಯ ಹೇಳು ಅಂದರೆ, ಅದು ತಾರೀಖಿನ ವಿಷಯ. ಎಷ್ಟು ದುಡ್ಡು ಅನ್ನೋದು ಮುಖ್ಯವೇ. ಆದರೆ ಯಾವಾಗ ಅನ್ನೋದು ಅದಕ್ಕಿಂತ ಮುಖ್ಯ.

ಮಲೆನಾಡಿನ ಕೂಲಿ ಮನೆಯ ವರ್ಷ ಹೇಗಿರುತ್ತೆ ನೋಡಿ. ನವೆಂಬರ್‌ನಿಂದ ಹಣ್ಣು ಕೊಯ್ಲು. ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ. ಫೆಬ್ರವರಿ, ಮಾರ್ಚ್‌ವರೆಗೆ ಕೈ ತುಂಬಾ ಕೆಲಸ. ಕಿತ್ತ ಕಿಲೋ ಲೆಕ್ಕದಲ್ಲಿ ದುಡ್ಡು. ಜೂನ್ ಬಂತು ಅಂದರೆ ಮಳೆ ಹಿಡಿಯುತ್ತೆ. ಜುಲೈನಲ್ಲಿ ಎಷ್ಟೋ ದಿನ ಹೊರಗೆ ಕಾಲಿಡೋಕೇ ಆಗಲ್ಲ. ಕೆಲಸ ಇದ್ದರೆ ಇತ್ತು. ಆದರೆ ಶಾಲೆ ಶುರುವಾಗೋದು ಆಗಲೇ. ಮಕ್ಕಳಿಗೆ ಜ್ವರ ಬರೋದೂ ಆಗಲೇ. ಸಂಘದ ವಾರದ ಕಂತು ಮಾತ್ರ ಮಳೆ ನೋಡಲ್ಲ. ಅಂಗಡಿಯ ಕೆಂಪು ಪುಸ್ತಕ ತುಂಬುವುದು ಈ ಮೂರು ತಿಂಗಳಲ್ಲಿ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಕಥೆ ಬೇರೆ. ಅಲ್ಲಿ ತೆಂಗು, ಅಲ್ಲಿ ಮಳೆ ಜಾಸ್ತಿ ಆಗಿದ್ದಕ್ಕಲ್ಲ, ಆಗದಿದ್ದಕ್ಕೆ ಅಳು. ಒಂದೇ ಜಿಲ್ಲೆಯಲ್ಲಿ ದುಡ್ಡು ಬೇಕಾಗುವ ತಿಂಗಳು ಬೇರೆ ಬೇರೆ.

ಜುಲೈನಲ್ಲಿ ಬರುವ 2,000ಕ್ಕೂ ಜನವರಿಯಲ್ಲಿ ಬರುವ 2,000ಕ್ಕೂ ಅಜಗಜಾಂತರ. ಜನವರಿಯದು ಕೂಲಿ ದುಡ್ಡಿನ ಜೊತೆ ಬೆರೆತು ಹೋಗುತ್ತೆ. ಜುಲೈನದು ಮನೆಯ ಒಲೆ ಹತ್ತಿಸುತ್ತೆ. ಅದಕ್ಕಿಂತ ಮುಖ್ಯವಾಗಿ, ಅದು ಬರುತ್ತೆ ಅಂತ ಗೊತ್ತಿದ್ದರೆ ಅದು ಬರುವ ಮೊದಲೇ ಕೆಲಸ ಮಾಡುತ್ತೆ. ಆ ಅಕ್ಕನ ಹೆಸರು ಅಂಗಡಿ ಪುಸ್ತಕಕ್ಕೆ ಏರಿದ್ದು ಹಾಗೇ. "ದುಡ್ಡು ಬಂದ ಕೂಡಲೇ ಕೊಡ್ತೀನಿ" ಅಂತ ಹೇಳಿ ಎರಡು ಮೂರು ಸಲ ಕೊಟ್ಟರು. ಮಾತು ಉಳಿಯಿತು. ಮಾತು ಉಳಿದದ್ದಕ್ಕೆ ಸಾಲ ಹುಟ್ಟಿತು. ಬಡವರ ಮನೆಯಲ್ಲಿ ಸಾಲ ಹುಟ್ಟುವುದೂ ಒಂದು ಆಸ್ತಿ.

ಗೃಹಲಕ್ಷ್ಮಿ ಕಂತು ತಡವಾದ ತಿಂಗಳುಗಳೂ ಇದ್ದವು, ನಿಮಗೆಲ್ಲ ಗೊತ್ತು. ಆಗ ನಾನು ಅದೇ ಲೈನ್ ಮನೆಗಳಿಗೆ ಹೋಗುತ್ತಿದ್ದೆ. ಆಮೇಲೆ ಎರಡು ಮೂರು ತಿಂಗಳದ್ದು ಒಟ್ಟಿಗೆ ಬಂದರೆ ಲೆಕ್ಕಕ್ಕೆ ಸರಿಯಾಯಿತು ಅಂತ ಅನ್ನಿಸಬಹುದು. ಮೂರು ಸಲ 2,000 ಅಂದರೆ 6,000 ತಾನೇ? ಲೈನ್ ಮನೆಯಲ್ಲಿ ಹಾಗಲ್ಲ. ಮೊದಲ ತಿಂಗಳು ಅಂಗಡಿಯವರು ಸುಮ್ನಿದ್ದರು. ಎರಡನೇ ತಿಂಗಳು, "ಹಳೇದು ತೀರಿಸಿ" ಅಂದರು. ಮೂರನೇ ತಿಂಗಳು ಅಕ್ಕ ಆ ಅಂಗಡಿ ಮುಂದೆ ಹೋಗುವುದನ್ನೇ ಬಿಟ್ಟು ಸುತ್ತುದಾರಿ ಹಿಡಿದರು. ಕಿವಿಯ ಓಲೆ ಗಿರವಿ ಅಂಗಡಿಗೆ ಹೋಯಿತು. ಆಮೇಲೆ ಬಂದ 6,000ದಲ್ಲಿ ಓಲೆಯ ಬಡ್ಡಿಯೂ ಸೇರಿತು. ಪುಸ್ತಕದಲ್ಲಿ ಮತ್ತೆ ಗಂಡನ ಹೆಸರು ಬರಲಿಲ್ಲ ನಿಜ, ಆದರೆ "ಇವಾಗ ಮೊದಲಿನಂಗೆ ಮುಖ ಎತ್ತಿ ಕೇಳಕ್ಕಾಗಲ್ಲ" ಅಂದರು. ದುಡ್ಡು ಪೂರ್ತಿ ಬಂದಿದೆ. ಅದರ ಜೊತೆ ಬರುತ್ತಿದ್ದ ಧೈರ್ಯ ಬಂದಿಲ್ಲ. ನನ್ನ ಮಟ್ಟಿಗೆ ಗ್ಯಾರಂಟಿ ಅನ್ನೋ ಪದದ ಅರ್ಥ ಇರುವುದೇ ಆ ಧೈರ್ಯದಲ್ಲಿ.

ಇನ್ನೊಂದು ಮನೆ. ಆಲೂರು ಕಡೆ. ಗಂಡ ಗಾರೆ ಕೆಲಸಕ್ಕೆ ಹೋಗುತ್ತಾರೆ. ಪ್ರತಿ ಶನಿವಾರ ಬಟವಾಡೆ ಆದ ಮೇಲೆ ಮನೆ ಖರ್ಚಿಗೆ ಅಂತ ಹೆಂಡತಿಗೆ ಇಷ್ಟು ಅಂತ ಕೊಡುತ್ತಿದ್ದರು. ಗೃಹಲಕ್ಷ್ಮಿ ಬಂದ ನಾಲ್ಕನೇ ತಿಂಗಳಿಂದ ಅದು ಕಡಿಮೆ ಆಯಿತು. "ನಿಂಗೆ ಬರುತ್ತಲ್ಲ, ನೀನೇ ನೋಡ್ಕೋ." ಈ ಮಾತನ್ನು ನಾನು ಒಂದೇ ಮನೆಯಲ್ಲಿ ಕೇಳಿದ್ದಲ್ಲ. ಖಾತೆ ನೋಡಿದರೆ ಆಕೆಗೆ ತಿಂಗಳಿಗೆ 2,000 ಜಾಸ್ತಿ ಬಂದಿದೆ. ಅಡುಗೆಮನೆ ನೋಡಿದರೆ ಅಷ್ಟು ಜಾಸ್ತಿ ಆಗಿಲ್ಲ. ಹಾಗಾದರೆ ಆಕೆಗೆ ಲಾಭವೇ ಆಗಲಿಲ್ವಾ ಅಂತ ನಾನು ಕೇಳಿದೆ. ಆಕೆ ಸ್ವಲ್ಪ ಹೊತ್ತು ಅಕ್ಕಿ ಆರಿಸುತ್ತಾ ಇದ್ದರು. "ಅವರು ಕೊಡೋ ದುಡ್ಡಲ್ಲಿ ಮಗಳಿಗೆ ಪ್ಯಾಡ್ ತರಕ್ಕೆ ಕೇಳಬೇಕಿತ್ತು. ಇದ್ರಲ್ಲಿ ಕೇಳಂಗಿಲ್ಲ" ಅಂದರು. ಮೊತ್ತ ಹೆಚ್ಚಲಿಲ್ಲ, ಕೇಳುವುದು ತಪ್ಪಿತು. ಇದನ್ನು ಲಾಭ ಅಂತ ಬರೆಯಬೇಕೋ ನಷ್ಟ ಅಂತ ಬರೆಯಬೇಕೋ? ಎರಡನ್ನೂ ಬರೆಯಬೇಕು. ಒಂದನ್ನು ಬಿಟ್ಟರೆ ಆಕೆಗೆ ಅನ್ಯಾಯ ಮಾಡಿದ ಹಾಗೆ.

ಅತ್ತೆ ಸೊಸೆ ವಿಷಯ ನಿಮಗೆ ಹೇಳಬೇಕಿಲ್ಲ. ಯೋಜನೆ ಶುರುವಾಗುವ ಮೊದಲೇ ಟಿವಿಯಲ್ಲಿ ಅದೇ ಚರ್ಚೆ, ದುಡ್ಡು ಅತ್ತೆಗೋ ಸೊಸೆಗೋ ಅಂತ. ಪಡಿತರ ಚೀಟಿಯಲ್ಲಿ ಯಜಮಾನಿ ಅಂತ ಸಾಮಾನ್ಯವಾಗಿ ಅತ್ತೆಯ ಹೆಸರೇ ಇರುತ್ತೆ. ಅರಸೀಕೆರೆ ಕಡೆಯ ಒಂದು ಮನೆಯಲ್ಲಿ ನಾನು ನಡುಮನೆಯಲ್ಲಿ ಕೂತು ಒಂದು ಗಂಟೆ ಮಾತಾಡಿದೆ. ಅತ್ತೆ ಮಾತಾಡಿದರು, ಸೊಸೆ ಟೀ ಕೊಟ್ಟು ಬಾಗಿಲ ಹತ್ತಿರ ನಿಂತರು. ಎಲ್ಲದಕ್ಕೂ "ಅಮ್ಮ ಹೇಳಿದ್ರಲ್ಲ" ಅಂದರು. ಆಮೇಲೆ ನಾನು ಲೋಟ ಕೊಡುವ ನೆಪದಲ್ಲಿ ಹಿತ್ತಲಿಗೆ ಹೋದೆ. ಪಾತ್ರೆ ತೊಳೆಯುತ್ತಾ ಸೊಸೆ ಹತ್ತು ನಿಮಿಷ ಮಾತಾಡಿದರು. ಅತ್ತೆಯ ಮೇಲೆ ದೂರು ಹೇಳುತ್ತಾರೆ ಅಂತ ನಾನು ಕಾದಿದ್ದೆ. ಆಕೆ ಹೇಳಿದ್ದು ಬೇರೆ. "ಮೊದಲು ಅಮ್ಮ ಮಾತ್ರೆ ತರಿಸೋಕೆ ಮಗನ ಹತ್ರ ಕೇಳೋರು. ಇವರು ನನ್ನ ಮೇಲೆ ರೇಗೋರು. ಈಗ ಆ ಜಗಳ ಇಲ್ಲ." ದುಡ್ಡು ಅತ್ತೆಗೆ ಬಂತು, ಸೊಸೆಗೆ ಬೈಗುಳ ತಪ್ಪಿತು. ಎಲ್ಲ ಮನೆಯಲ್ಲೂ ಹೀಗೇ ಅಂತ ನಾನು ಹೇಳ್ತಿಲ್ಲ. ಪಡಿತರ ಚೀಟಿ ಬೇರೆ ಮಾಡಿಸಿಕೊಂಡು ಒಲೆಯನ್ನೂ ಬೇರೆ ಮಾಡಿದ ಮನೆಯನ್ನೂ ನೋಡಿದ್ದೇನೆ. ನಡುಮನೆಯ ಉತ್ತರ ಬೇರೆ, ಹಿತ್ತಲಿನ ಉತ್ತರ ಬೇರೆ. ಹಿತ್ತಲಲ್ಲಿ ಕೇಳಿದ್ದನ್ನು ನಡುಮನೆಗೆ ತರಲೇಬಾರದು. ಇದು ನಮ್ಮ ಕೆಲಸದ ಮೊದಲ ನಿಯಮ.

ಬೇರೆ ಕಡೆ ಏನಾಗಿದೆ ಅಂತ ಸ್ವಲ್ಪ ನೋಡೋಣ. ನಮ್ಮ ದೇಶದಲ್ಲೇ, ಮಧ್ಯಪ್ರದೇಶದಲ್ಲಿ 2011ರಲ್ಲಿ 'ಸೇವಾ' (SEWA) ಅನ್ನುವ ದುಡಿಯುವ ಹೆಂಗಸರ ಸಂಘಟನೆ ಯುನಿಸೆಫ್ ನೆರವಿನಿಂದ ಕೆಲವು ಹಳ್ಳಿಗಳಲ್ಲಿ ಪ್ರತಿಯೊಬ್ಬರಿಗೂ ದುಡ್ಡು ಕೊಟ್ಟು ನೋಡಿತು. ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳ ಲೆಕ್ಕದಲ್ಲಿ 100. ಆಮೇಲೆ ಅದು 300 ಮತ್ತು 150 ಆಯಿತು. ಸುಮಾರು 6,000 ಜನರಿಗೆ ಸಿಕ್ಕಿತು. ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ ಪೋಷಣೆ ಸುಧಾರಿಸಿತು. ದುಡ್ಡು ಬಂದರೆ ಜನ ಸೋಮಾರಿಗಳಾಗುತ್ತಾರೆ ಅನ್ನೋ ಮಾತು ಅಲ್ಲಿ ನಿಲ್ಲಲಿಲ್ಲ. ಸ್ವಂತ ಹೊಲದ ಕೆಲಸ, ಸಣ್ಣಪುಟ್ಟ ಸ್ವಂತ ಉದ್ಯೋಗ ಹೆಚ್ಚಾಯಿತು.

ಕೆನಡಾದ ಕಥೆ ನನಗೆ ತುಂಬಾ ಕಾಡುತ್ತೆ. ಮ್ಯಾನಿಟೋಬಾ ಪ್ರಾಂತ್ಯದ ಡಾಫಿನ್ ಅನ್ನೋ ಸಣ್ಣ ಪಟ್ಟಣ. 1970ರ ದಶಕದ ನಡುವಿನಲ್ಲಿ ಮಿನ್‌ಕಮ್ ಅನ್ನುವ ಹೆಸರಿನಲ್ಲಿ ಅಲ್ಲಿನ ಯಾವ ಮನೆಯ ಆದಾಯವೂ ಒಂದು ಮಟ್ಟಕ್ಕಿಂತ ಕೆಳಗೆ ಬೀಳದ ಹಾಗೆ ದುಡ್ಡು ಕೊಟ್ಟರು. ಸರ್ಕಾರ ಬದಲಾಯಿತು, ಯೋಜನೆ ನಿಂತಿತು. ಜನರಿಂದ ಬರೆಸಿಕೊಂಡ ಕಾಗದಗಳೆಲ್ಲ ಪೆಟ್ಟಿಗೆಗಳಲ್ಲಿ ಹಾಗೇ ಬಿದ್ದಿದ್ದವು. ದಶಕಗಳ ಮೇಲೆ ಎವೆಲಿನ್ ಫೋರ್ಜೆ ಅನ್ನುವ ಅರ್ಥಶಾಸ್ತ್ರಜ್ಞೆ ಆ ಕಾಲದ ಆಸ್ಪತ್ರೆ ದಾಖಲೆ ಹುಡುಕಿ ಹೋಲಿಸಿದರು. ಆಸ್ಪತ್ರೆ ಸೇರುವವರ ಪ್ರಮಾಣ ಶೇಕಡ 8.5ರಷ್ಟು ಇಳಿದಿತ್ತು. ಅದರಲ್ಲೂ ಪೆಟ್ಟು, ಅಪಘಾತ ಮತ್ತು ಮನಸ್ಸಿನ ಕಾಯಿಲೆಗೆ ಸೇರುವವರು ಕಡಿಮೆಯಾಗಿದ್ದರು. ಹದಿಹರೆಯದ ಮಕ್ಕಳು ಶಾಲೆ ಬಿಡದೆ ಕೊನೆಯ ತರಗತಿವರೆಗೆ ಓದಿದ್ದರು. ಇದನ್ನು ಓದಿದಾಗ ನನಗೆ ಸಂತೋಷಕ್ಕಿಂತ ಬೇಸರವೇ ಜಾಸ್ತಿ ಆಯಿತು. ಪೆಟ್ಟು ಯಾಕೆ ಕಡಿಮೆ ಆಯಿತು? ಮನೆಯಲ್ಲಿ ಹೊಡೆತ ನಿಂತಿತಾ? ಅಪಾಯದ ಕೆಲಸಕ್ಕೆ ಹೋಗೋದು ತಪ್ಪಿತಾ? ಅದನ್ನು ಅದೇ ವರ್ಷ, ಅದೇ ಅಡುಗೆಮನೆಗಳಲ್ಲಿ ಕೂತು ಪೂರ್ತಿಯಾಗಿ ಕೇಳಿಕೊಂಡಿದ್ದರೆ!

ಈಗಿನ ಅಮೆರಿಕದ ಒಂದು ಅಧ್ಯಯನ ಆ ತಪ್ಪು ಮಾಡಲಿಲ್ಲ. 'ಬೇಬೀಸ್ ಫಸ್ಟ್ ಇಯರ್ಸ್' ಅಂತ ಅದರ ಹೆಸರು. 2018ರಿಂದ ನಾಲ್ಕು ಕಡೆಗಳಲ್ಲಿ 1,000 ಬಡ ಬಾಣಂತಿಯರನ್ನು ಸೇರಿಸಿಕೊಂಡು, ಕೆಲವರಿಗೆ ತಿಂಗಳಿಗೆ 333 ಡಾಲರ್, ಉಳಿದವರಿಗೆ 20 ಡಾಲರ್ ಕೊಟ್ಟರು. ಯಾರಿಗೆ ಎಷ್ಟು ಅನ್ನೋದು ಚೀಟಿ ಎತ್ತಿದ ಹಾಗೆ. ಜೊತೆಗೆ ಕೆಲವು ತಾಯಂದಿರ ಹತ್ತಿರ ಮತ್ತೆ ಮತ್ತೆ ಹೋಗಿ ಮಾತಾಡುವ ತಂಡವೂ ಇತ್ತು. ಜಾಸ್ತಿ ದುಡ್ಡು ಬಂದ ತಾಯಂದಿರು ಮಕ್ಕಳ ಸಾಮಾನಿಗೆ ಜಾಸ್ತಿ ಖರ್ಚು ಮಾಡಿದರು, ಮಕ್ಕಳ ಜೊತೆ ಜಾಸ್ತಿ ಹೊತ್ತು ಕಳೆದರು. ಆದರೆ ಮಕ್ಕಳಿಗೆ ನಾಲ್ಕು ವರ್ಷ ಆದಾಗ ಭಾಷೆ, ಕಲಿಕೆ, ನಡವಳಿಕೆಯ ಪರೀಕ್ಷೆಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದುಡ್ಡು ಕೊಡೋದರ ಪರವಾಗಿ ಇರುವ ನನ್ನಂಥವರಿಗೆ ಇದು ಸಿಹಿ ಸುದ್ದಿ ಅಲ್ಲ. ಆದರೂ ನಿಮಗೆ ಹೇಳಲೇಬೇಕು. ಬೇಕಾದ ಉತ್ತರವನ್ನು ಮಾತ್ರ ಎತ್ತಿಕೊಳ್ಳುವವರು ಈ ಕೆಲಸಕ್ಕೆ ಬರಬಾರದು.

ಕೆಲಸದ ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಮೊದಲನೆಯದು ಭಯ. ನಮ್ಮದಲ್ಲ, ಅವರದು. "ನೀನು ಬರ್ಕೊಂಡೋದ್ರೆ ನಮ್ ದುಡ್ಡು ನಿಂತೋಗಲ್ವೇನವ್ವ?" ಅಂತ ಕೇಳದ ಮನೆ ಇಲ್ಲ. ಬಿಪಿಎಲ್ ಕಾರ್ಡು ರದ್ದಾಗುತ್ತೆ ಅನ್ನೋ ಸುದ್ದಿ ಓಡಾಡುವ ವಾರದಲ್ಲಿ ಹೋದರಂತೂ ಫ್ರಿಜ್ಜಿನ ಮೇಲೆ ಸೀರೆ ಹೊದಿಸಿರುತ್ತಾರೆ. ಇದು ಮೋಸ ಅಂತ ನೀವು ತಿಳಿದರೆ ಈ ಕೆಲಸ ನಿಮಗಲ್ಲ. ಆ ಫ್ರಿಜ್ಜು ಕಂತಿನ ಮೇಲೆ ತಂದಿದ್ದು, ಕಂತು ಇನ್ನೂ ಮುಗಿದಿಲ್ಲ.

ನಾನು ಇಲ್ಲಿ ಒಂದು ತಪ್ಪು ಮಾಡಿದೆ. ಅಧ್ಯಯನಕ್ಕೆ ಒಪ್ಪಿಗೆ ಇದೆ ಅಂತ ಕಾಗದದ ಮೇಲೆ ಸಹಿ ಬೇಕಿತ್ತು. ಸಹಿ ಬರದವರ ಹತ್ತಿರ ಹೆಬ್ಬೆಟ್ಟು ಕೇಳಿದೆ. ಒಬ್ಬ ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡು ಎದ್ದು ಹೋದರು. ಅವರ ಅಪ್ಪ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಇದ್ದ ಜಮೀನು ಕಳೆದುಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು. ಇಂಕಿನ ಪ್ಯಾಡು ಹಿಡಿದು ಅವರ ಮುಂದೆ ಕೂತಿದ್ದ ನನ್ನ ಕೈ ಇವತ್ತಿಗೂ ಕಣ್ಣ ಮುಂದೆ ಬರುತ್ತೆ. ಆಮೇಲಿಂದ ನಾವು ಬಾಯಿಮಾತಿನ ಒಪ್ಪಿಗೆಯನ್ನೇ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಬೇಡ ಅನ್ನಿಸಿದ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ, ನಡುವೆ ಎದ್ದು ಹೋಗಬಹುದು ಅಂತ ಮೊದಲೇ ಹೇಳುತ್ತೇವೆ. ಹೇಳಿದರೆ ಸಾಲದು, ಅವರು ನಿಜವಾಗಲೂ ಎದ್ದು ಹೋದಾಗ ನಮ್ಮ ಮುಖ ಸಣ್ಣದಾಗಬಾರದು.

ಎರಡನೆಯದು ಬರೆಯುವ ಕೆಲಸ. ಒಂದು ಗಂಟೆ ಮಾತು ಬರೆದು ಇಳಿಸೋಕೆ ಐದಾರು ಗಂಟೆ ಹಿಡಿಯುತ್ತೆ. ಅವರು "ಐತೆ" ಅಂದರೆ "ಐತೆ" ಅಂತಲೇ ಬರೆಯಿರಿ. "ಇದೆ" ಅಂತ ತಿದ್ದಬೇಡಿ. ಮಾತು ನಿಲ್ಲಿಸಿದ ಜಾಗವನ್ನೂ ಬರೆಯಿರಿ. ಗಂಡ ಒಳಗೆ ಬಂದ ಕೂಡಲೇ ದನಿ ಇಳಿದದ್ದನ್ನೂ ಬರೆಯಿರಿ. ಆಮೇಲೆ ಓದಿ, ಗುರುತು ಹಾಕಿ, ಒಂದು ಮನೆಯ ಮಾತನ್ನು ಇನ್ನೊಂದರ ಪಕ್ಕ ಇಟ್ಟು ನೋಡೋದು. ಅದನ್ನು ನಿಮಗೆ ತರಗತಿಯಲ್ಲೇ ಹೇಳಿಕೊಡುತ್ತಾರೆ.

ಮೂರನೆಯದು ನಮಗೂ ಅವರಿಗೂ ಇರುವ ದೂರ. ಒಂದು ಸಂಜೆ ಆ ಸಕಲೇಶಪುರದ ಕಡೆಯ ಅಕ್ಕ ನನ್ನನ್ನೇ ಪ್ರಶ್ನೆ ಕೇಳಿದರು. "ನಿಂಗೆ ಸಂಬಳ ಯಾವತ್ತು ಬತ್ತದೆ?" ತಿಂಗಳ ಕೊನೇ ದಿನ ಅಂದೆ. "ಒಂದ್ ತಿಂಗಳೂ ತಪ್ಪಲ್ವಾ?" ಇಲ್ಲ ಅಂದೆ. "ಮಳೆ ಬಂದು ನೀನು ಈ ಕಡೆ ಬರದೇ ಇದ್ರೂನೂ?" ಬರುತ್ತೆ ಅಕ್ಕ ಅಂದೆ. ಅವರು ತಲೆಯಾಡಿಸಿ, "ಅದಕ್ಕೇ ನೀನು ಹಂಗೆ ನಿಧಾನಕ್ಕೆ ಮಾತಾಡ್ತೀಯ" ಅಂದರು. ನನಗೆ ಬಾಯಿಂದ ಮಾತು ಬರಲಿಲ್ಲ. ಸಂಜೆ ಬಸ್ಸಿನಲ್ಲಿ ವಾಪಸ್ ಬರುವಾಗ ಆ ಒಂದು ವಾಕ್ಯವನ್ನು ಪುಸ್ತಕದಲ್ಲಿ ಬರೆದುಕೊಂಡೆ. ನಾನು ಓದಿದ ಯಾವ ವರದಿಯೂ ಖಾತ್ರಿ ಆದಾಯ ಅಂದರೇನು ಅಂತ ಅಷ್ಟು ಸರಿಯಾಗಿ ಹೇಳಿರಲಿಲ್ಲ.

ಮಾತು ಮುಗಿಸಿದ ಮೇಲೆ ವಿದ್ಯಾರ್ಥಿಗಳು ಕೆಲವು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಹುಡುಗ ಕೇಳಿದ: "ಇಷ್ಟು ದುಡ್ಡು ಕೊಡೋ ಬದಲು ರಸ್ತೆ, ಆಸ್ಪತ್ರೆ ಮಾಡಬಹುದಲ್ವಾ ಮೇಡಂ?" ಒಳ್ಳೆಯ ಪ್ರಶ್ನೆ. ಲೈನ್ ಮನೆಯವರೂ ಇದನ್ನೇ ಕೇಳುತ್ತಾರೆ. ಶಕ್ತಿ ಯೋಜನೆ ಬಂದ ಮೇಲೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹಾಸನಾಂಬೆಯ ಬಾಗಿಲು ತೆರೆದಾಗ ಎಲ್ಲೆಲ್ಲಿಂದಲೋ ಹೆಂಗಸರು ಬಂದಿದ್ದನ್ನು ನೀವೇ ನೋಡಿದ್ದೀರಿ. ಆದರೆ ಬಸ್ಸೇ ಬಾರದ ತೋಟದಲ್ಲಿ ಉಚಿತ ಟಿಕೆಟ್ ತಗೊಂಡು ಏನು ಮಾಡೋದು? 2,000 ರೂಪಾಯಿ ಕೊಟ್ಟರೂ ಹತ್ತಿರದಲ್ಲಿ ಡಾಕ್ಟರಿಲ್ಲದಿದ್ದರೆ ಅದರಲ್ಲಿ ಅರ್ಧ ಆಟೋ ಬಾಡಿಗೆಗೇ ಹೋಗುತ್ತೆ. ಅದು ಇದರ ಬದಲಿಗೆ ಅನ್ನೋದು ನಾವು ಇಲ್ಲಿ ಕೂತು ಹಾಕುವ ಲೆಕ್ಕ. ಆ ಮನೆಗೆ ಎರಡೂ ಬೇಕು.

ಕೊನೆಯಲ್ಲಿ ಒಬ್ಬ ಹುಡುಗಿ ಕೇಳಿದಳು: "ನೀವು ಗಂಡಸರನ್ನ ಕೇಳಲೇ ಇಲ್ವಾ?"

ಕೇಳಿದ್ದೇನೆ. ಆದರೆ ತಡವಾಗಿ. ಮೊದಲ ವರ್ಷ ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಹೊಳೆನರಸೀಪುರದ ಕಡೆ ಒಬ್ಬರು, ಹಮಾಲಿ ಕೆಲಸ ಮಾಡುವವರು, ವಯಸ್ಸು ಐವತ್ತರ ಹತ್ತಿರ. ಹೆಂಡತಿಗೆ ದುಡ್ಡು ಬರೋಕೆ ಶುರುವಾದ ಮೇಲೆ ನಿಮಗೆ ಏನು ಬದಲಾಗಿದೆ ಅಂತ ಕೇಳಿದೆ. "ಅವಳು ನನ್ನ ಹತ್ರ ಕೇಳೋದು ಕಮ್ಮಿ ಆಗೈತೆ" ಅಂದರು. ಬೇಜಾರಾ ಅಂತ ಕೇಳಿದೆ. ಅವರು ತಲೆಗೆ ಸುತ್ತಿದ್ದ ಟವೆಲ್ ತೆಗೆದು ಮಡಿಚಿ ತೊಡೆ ಮೇಲೆ ಇಟ್ಟುಕೊಂಡರು. ಕೆಲಸ ಸಿಗದ ದಿನ ಮನೆಗೆ ಹೋದರೆ ಕೇಳುತ್ತಾಳೆ, ಇಲ್ಲ ಅನ್ನಬೇಕಾಗುತ್ತೆ ಅಂತ ಬಸ್‌ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ರಾತ್ರಿ ಒಂಬತ್ತರವರೆಗೂ ಸುಮ್ನೆ ಕೂತಿರುತ್ತಿದ್ದರಂತೆ. ಮಕ್ಕಳು ಮಲಗಿದ ಮೇಲೆ ಹೋಗುತ್ತಿದ್ದರು.

"ಇವಾಗ?" ಅಂದೆ.

"ಇವಾಗ ಆರು ಗಂಟೆಗೇ ಹೋಯ್ತೀನಿ" ಅಂದರು. "ಚಿಕ್ಕೋಳು ಹೋಮ್‌ವರ್ಕ್ ಮಾಡ್ತಿರ್ತಾಳೆ. ನಂಗೆ ಓದಕ್ಕೆ ಬರಲ್ಲ. ಸುಮ್ನೆ ಪಕ್ಕ ಕೂತ್ಕೊತೀನಿ."